ಮೊಡವೆಗೆ ಅಂಟಿಸುವ ಚುಕ್ಕಿ: ಒಬ್ಬ ನರ್ಸ್ ಚಿಕ್ಕಮ್ಮನ ಮಾತು

ಅಕ್ಕನ ಮಗಳು ಕಾಲೇಜಿಗೆಂದು ಕುಂದಾಪುರದಿಂದ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಮನೆಗೆ ಬಂದು ಎರಡು ತಿಂಗಳಾಗಿರಲಿಲ್ಲ, ಗದ್ದದ ತುಂಬ ಮೊಡವೆ. ಒಂದು ಸಂಜೆ ಮೊಡವೆಗೆ ಅಂಟಿಸುವ ಚುಕ್ಕಿಗಳ (ಪಿಂಪಲ್ ಪ್ಯಾಚ್) ಪುಟ್ಟ ಪ್ಯಾಕೆಟ್ ತಂದು, "ಚಿಕ್ಕಮ್ಮ, ಇದ್ರಿಂದ ನಿಜವಾಗ್ಲೂ ಗುಣ ಆಗ್ತದಾ?" ಅಂತ ಕೇಳಿದಳು. ನೋಡಿದರೆ ನನ್ನ ಹಳೇ ಪರಿಚಯದ ವಸ್ತು! ಹಾಸಿಗೆ ಹಿಡಿದವರ ಬೆನ್ನಹುಣ್ಣಿಗೆ ವಾರ್ಡಿನಲ್ಲಿ ಅಂಗೈಯಗಲ ಅಂಟಿಸುವ ಹೈಡ್ರೋಕೊಲಾಯ್ಡ್ ಡ್ರೆಸಿಂಗನ್ನೇ ತೆಳ್ಳಗೆ ಮಾಡಿ ಬಿಂದಿ ಗಾತ್ರಕ್ಕೆ ಕತ್ತರಿಸಿದ್ದಾರೆ, ಅಷ್ಟೆ.

ಇದರ ಅಂಟಿನೊಳಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಜೆಲಟಿನ್, ಪೆಕ್ಟಿನ್‌ನಂಥ ನೀರು ಹೀರುವ ಪದಾರ್ಥ ಇರುತ್ತದೆ. ಕೀವು, ರಸಿಕೆ ತಾಗಿದರೆ ನೆನೆಹಾಕಿದ ಸಾಬುದಾನಿಯ ಹಾಗೆ ಉಬ್ಬಿ ಮೆತ್ತಗಾಗುತ್ತದೆ. ಚುಕ್ಕಿ ಬೆಳ್ಳಗೆ ಕಾಣುವುದು ಅದಕ್ಕೇ. ಆ ಬಿಳಿಯೆಲ್ಲ ಕೀವಲ್ಲ, ಬೆವರು ಹೀರಿದರೂ ಬೆಳ್ಳಗಾಗುತ್ತದೆ. ಗಾಯ ಒಣಗಬೇಕು, ಗಾಳಿ ಆಡಬೇಕು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಆದರೆ 1962ರಲ್ಲೇ ಜಾರ್ಜ್ ವಿಂಟರ್ ಎಂಬವರು ಹಂದಿಗಳ ಮೇಲೆ ಪ್ರಯೋಗ ಮಾಡಿ, ತೇವ ಉಳಿಸಿ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಬೇಗ ಬರುತ್ತದೆಂದು ತೋರಿಸಿದ್ದರು. ಚುಕ್ಕಿ ಮಾಡುವುದೂ ಅದನ್ನೇ.

ಆದರೆ ಎಲ್ಲ ಮೊಡವೆಗೂ ಇದು ನಡೆಯುವುದಿಲ್ಲ. ತಲೆ ಬೆಳ್ಳಗಾಗಿ ಬಾಯಿ ಬಿಟ್ಟದ್ದು, ಅಥವಾ ತಡೆಯಲಾರದೆ ನೀವೇ ಚಿವುಟಿಕೊಂಡದ್ದು, ಇವಕ್ಕೆ ಸರಿ. ಒಳಗೇ ಗಟ್ಟಿಯಾಗಿ ನೋಯುವ ಗಂಟಿಗೆ, ಮೂಗಿನ ಕಪ್ಪು ಚುಕ್ಕೆಗೆ ಅಂಟಿಸಿದರೆ ದುಡ್ಡು ದಂಡ. ಮಳೆಗಾಲದಲ್ಲಿ ಹಣೆಯ ಮೇಲೆ ರವೆ ಚೆಲ್ಲಿದ ಹಾಗೆ ಒಂದೇ ಅಳತೆಯ, ತುರಿಸುವ ಗುಳ್ಳೆ ಎದ್ದರೆ ಅದು ಮೊಡವೆಯೇ ಅಲ್ಲದೆ ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ.

ಮಗಳು ಮೊದಲ ದಿನ ಬೆಳಿಗ್ಗೆ ಅಂಟಿಸಿಕೊಂಡು ಲೋಕಲ್ ರೈಲು ಹತ್ತಿದಳು. ಲೇಡೀಸ್ ಡಬ್ಬಿಯ ಸೆಕೆಗೆ ಠಾಣೆ ಸ್ಟೇಷನ್ ಬರುವಷ್ಟರಲ್ಲಿ ಅದು ದುಪಟ್ಟಾಕ್ಕೆ ಅಂಟಿತ್ತು. ಮುಂಬೈಯಲ್ಲಿ ಇದು ರಾತ್ರಿಯ ಕೆಲಸ. ಮುಖ ತೊಳೆದು, ಒರೆಸಿ, ಫ್ಯಾನಿನಡಿ ಹತ್ತು ನಿಮಿಷ ಕೂತು ಪೂರ್ತಿ ಒಣಗಲು ಬಿಡಿ. ಕ್ರೀಮು, ಎಣ್ಣೆ, ಅಲೋವೆರಾ ಏನೂ ಅಡಿಯಲ್ಲಿ ಬೇಡ, ಜಿಡ್ಡಿದ್ದರೆ ಅಂಟು ಹಿಡಿಯುವುದಿಲ್ಲ. ಮೊಡವೆಯ ಔಷಧಿಯನ್ನೂ ಅದರಡಿ ಹಚ್ಚಬೇಡಿ, ಮುಚ್ಚಿದ ಜಾಗದಲ್ಲಿ ಉರಿ ಹೆಚ್ಚು. ಕ್ರೀಮು ಹಚ್ಚುವುದಿದ್ದರೆ ಚುಕ್ಕಿ ಅಂಟಿಸಿದ ಮೇಲೆ ಅದರ ಸುತ್ತ ಹಚ್ಚಿ. ಮೊಡವೆಗಿಂತ ತುಸು ದೊಡ್ಡ ಚುಕ್ಕಿ ಆರಿಸಿ, ಅಂಚು ಹಿಡಿದು ಇಟ್ಟು, ಬೆರಳಿನಿಂದ ಅರ್ಧ ನಿಮಿಷ ಮೆಲ್ಲಗೆ ಒತ್ತಿ. ಮೈಬಿಸಿಗೆ ಅಂಟು ಮೆದುವಾಗಿ ಕೂರುತ್ತದೆ.

ಆರೆಂಟು ಗಂಟೆ ಬಿಡಿ. ಬಿಳಿ ಅಂಚಿನ ತನಕ ಬಂದರೆ ತೆಗೆಯಿರಿ. ಪರ್ರನೆ ಕೀಳದೆ, ಉಗುರುಬೆಚ್ಚನೆ ನೀರು ಹಚ್ಚಿ ಒಂದು ಬದಿಯಿಂದ ಸುರುಳಿ ಸುತ್ತಿದ ಹಾಗೆ ಎಬ್ಬಿಸಿ. ಒಮ್ಮೆ ತೆಗೆದದ್ದು ಕಸದ ಬುಟ್ಟಿಗೆ. ಚುಕ್ಕಿಯ ಆಕಾರದಲ್ಲೇ ಚರ್ಮ ಕೆಂಪಾಗಿ ತುರಿಸಿದರೆ ಆ ಅಂಟು ನಿಮಗಾಗದು, ಬಿಟ್ಟುಬಿಡಿ.

ನನ್ನ ಕೇಳಿದರೆ ಇದರ ದೊಡ್ಡ ಉಪಕಾರ ಕೀವು ಹೀರುವುದಲ್ಲ, ಬೆರಳನ್ನು ದೂರ ಇಡುವುದು. ಓದುತ್ತಾ ಕೂತರೆ ನಮ್ಮವಳ ಕೈ ತಾನಾಗಿ ಗದ್ದಕ್ಕೆ ಹೋಗುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಚಿವುಟಿದ ಕಡೆ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಈಗ ಬೆರಳಿಗೆ ಮೊಡವೆ ಸಿಗದೆ ಚುಕ್ಕಿ ಸಿಗುತ್ತದೆ. ಆದರೆ ಹೊಸ ಮೊಡವೆ ಏಳುವುದನ್ನು ಇದು ತಡೆಯದು. ಅದಕ್ಕೆ ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಔಷಧಿ ಡಾಕ್ಟರನ್ನು ಕೇಳಿ ಹಚ್ಚಬೇಕು, ಫಲ ಕಾಣಲು 8ರಿಂದ 12 ವಾರ ಕಾಯಬೇಕು. ಟೂತ್‌ಪೇಸ್ಟ್, ನಿಂಬೆರಸ ಬೇಡವೇ ಬೇಡ.

ಪ್ಯಾಕೆಟ್ ದುಬಾರಿ ಅನಿಸಿದರೆ ಔಷಧಿ ಅಂಗಡಿಯಲ್ಲಿ ಹೈಡ್ರೋಕೊಲಾಯ್ಡ್ ಡ್ರೆಸಿಂಗ್ ಕೇಳಿ, ತೆಳು ಇರುವುದನ್ನೇ ಕೊಡಿ ಅನ್ನಿ. ಸ್ಪಿರಿಟಿನಲ್ಲಿ ಒರೆಸಿದ ಕತ್ತರಿಯಿಂದ ದುಂಡಗೆ ಕತ್ತರಿಸಿಕೊಳ್ಳಿ. ಚೌಕ ಮಾಡಿದರೆ ಮೂಲೆ ದಿಂಬಿಗೆ ಉಜ್ಜಿ ಅರ್ಧರಾತ್ರಿಗೇ ಎದ್ದು ಬರುತ್ತದೆ.