ಡ್ರಾಯಿಂಗ್‌ನಿಂದ ಯಂತ್ರದವರೆಗೆ: ವೈರಿಂಗ್ ಹಾರ್ನೆಸ್ ದತ್ತಾಂಶವನ್ನು ನಾನು ಹೊಂದಿಸಿದ ಬಗೆ

ವಾಹನಗಳ ವೈರಿಂಗ್ ಹಾರ್ನೆಸ್ (ವೈರ್‌ಗಳನ್ನು ಕನೆಕ್ಟರ್‌ಗಳೊಂದಿಗೆ ಸೇರಿಸಿ ಕಟ್ಟಿದ ಕಂತೆ) ತಯಾರಿಕೆಯಲ್ಲಿ ವೈರ್ ಕತ್ತರಿಸುವುದು, ತುದಿ ಸುಲಿಯುವುದು, ಸೀಲ್ ತೊಡಿಸುವುದು, ತುದಿಗೆ ಲೋಹದ ಟರ್ಮಿನಲ್ ಅನ್ನು ಒತ್ತಿ ಬಿಗಿಯುವುದು ಅಂದರೆ ಕ್ರಿಂಪ್ ಮಾಡುವುದು ಇವೆಲ್ಲ ಬಹಳ ಹಿಂದೆಯೇ ಯಂತ್ರದ ಪಾಲಾಗಿವೆ. ಆದರೆ ಆ ಯಂತ್ರಕ್ಕೆ ಕೆಲಸದ ವಿವರ ತಲುಪುವ ದಾರಿ ನಮ್ಮ ವಿಭಾಗದಲ್ಲಿ ಕೈಬರಹದ ಕಾಲದಲ್ಲಿಯೇ ನಿಂತಿತ್ತು. ಗ್ರಾಹಕರಿಂದ ಪಿಡಿಎಫ್ ಡ್ರಾಯಿಂಗ್ ಬರುತ್ತಿತ್ತು. ಒಬ್ಬರು ಅದನ್ನು ಓದಿ ಎಕ್ಸೆಲ್‌ನಲ್ಲಿ ವೈರ್ ಪಟ್ಟಿ ಮಾಡುತ್ತಿದ್ದರು. ಇನ್ನೊಬ್ಬರು ಆ ಪಟ್ಟಿಯನ್ನು ಯಂತ್ರದ ತಂತ್ರಾಂಶದಲ್ಲಿ ಮತ್ತೆ ಟೈಪ್ ಮಾಡುತ್ತಿದ್ದರು. ವಿನ್ಯಾಸದ ಕಡತದಿಂದಲೇ ಯಂತ್ರದ ಆದೇಶ ತಯಾರಾಗುವಂತೆ ಮಾಡುವ ಕೆಲಸ ನನಗೆ ಬಂದಾಗ, ಡ್ರಾಯಿಂಗ್ ಬದಲು ಕೆಬಿಎಲ್ ಕಡತವನ್ನೇ ಕಳುಹಿಸುವಂತೆ ಗ್ರಾಹಕರನ್ನು ಕೇಳುವುದರಿಂದ ಆರಂಭಿಸಿದೆ.

ಕೆಬಿಎಲ್ ಎಂಬುದು ಜರ್ಮನಿಯ ವಾಹನೋದ್ಯಮ ಸಂಘ ವಿಡಿಎ 4964ನೇ ಶಿಫಾರಸಾಗಿ ಹೊರತಂದಿರುವ, ಹಾರ್ನೆಸ್‌ನ ವಿವರವನ್ನು ಕಂಪ್ಯೂಟರ್ ಓದಬಲ್ಲ ಪಠ್ಯವಾಗಿ ಬರೆಯುವ ಎಕ್ಸ್‌ಎಂಎಲ್ ಮಾದರಿ. ಅದರಲ್ಲಿ ಒಂದು ಬಿಡಿಭಾಗದ ವಿವರಣೆ ಬೇರೆ, ಹಾರ್ನೆಸ್‌ನಲ್ಲಿ ಆ ಭಾಗದ ಬಳಕೆ ಬೇರೆ. ಒಂದು ವೈರ್‌ನ ಜಾಡು ಹಿಡಿದು ಹೋದರೆ ಮೊದಲು ಅದರ ಸಂಪರ್ಕ ಸಿಗುತ್ತದೆ, ಸಂಪರ್ಕಕ್ಕೆ ಎರಡು ತುದಿಗಳಿರುತ್ತವೆ, ಪ್ರತಿ ತುದಿಯೂ ಒಂದು ಸಂಪರ್ಕಬಿಂದುವನ್ನು ತೋರಿಸುತ್ತದೆ, ಆ ಬಿಂದುವಿನಲ್ಲಿ ಟರ್ಮಿನಲ್, ಸೀಲ್ ಮತ್ತು ಕನೆಕ್ಟರ್‌ನ ಕ್ಯಾವಿಟಿ (ಟರ್ಮಿನಲ್ ಕೂರುವ ರಂಧ್ರ) ಸೇರಿಕೊಂಡಿರುತ್ತವೆ. ಈ ಕೊಂಡಿಗಳನ್ನು ಓದಿ ವೈರ್ ಪಟ್ಟಿ ತೆಗೆಯುವ ಪ್ರೋಗ್ರಾಂ ಬರೆಯುವುದು ಕಷ್ಟವೇನೂ ಆಗಲಿಲ್ಲ. ಕಡತವು ಸ್ಕೀಮಾಕ್ಕೆ, ಅಂದರೆ ಮಾದರಿಯ ರಚನಾ ನಿಯಮಗಳಿಗೆ, ಸರಿಹೊಂದಿದ್ದರೂ ಉತ್ಪಾದನೆಗೆ ಸಾಲದೆ ಹೋಗುವುದೇ ನಿಜವಾದ ತೊಡಕು. ಒಂದೇ ಕ್ಯಾವಿಟಿಯನ್ನು ಒಂದು ಕಡೆ 1 ಎಂದೂ ಇನ್ನೊಂದು ಕಡೆ 01 ಎಂದೂ ಬರೆದಿರುತ್ತಾರೆ. ಕಪ್ಪು ಬಣ್ಣಕ್ಕೆ ಒಬ್ಬ ಗ್ರಾಹಕರು ಬಿಕೆ ಎಂಬ ಸಂಕೇತ ಕೊಟ್ಟರೆ ಇನ್ನೊಬ್ಬರು ಜರ್ಮನ್ ರೂಢಿಯಂತೆ ಎಸ್‌ಡಬ್ಲ್ಯೂ ಎನ್ನುತ್ತಾರೆ. ಮನುಷ್ಯ ಓದುವಾಗ ಇವೆಲ್ಲ ತಾವಾಗಿ ಸರಿಹೋಗುತ್ತವೆ, ಯಂತ್ರಕ್ಕೆ ಹಾಗಲ್ಲ. ಆದ್ದರಿಂದ ಒಳಬರುವ ಪ್ರತಿ ಕಡತವೂ ಒಂದು ಪರಿಶೀಲನೆಯನ್ನು ದಾಟಿಯೇ ಮುಂದೆ ಹೋಗಬೇಕೆಂಬ ನಿಯಮ ಮಾಡಿದೆ. ಪರಿಶೀಲನೆಯಲ್ಲಿ ನಿಂತ ಕಡತವನ್ನು ನಮ್ಮಲ್ಲಿಯೇ ತಿದ್ದಿಕೊಳ್ಳದೆ ಗ್ರಾಹಕರಿಗೆ ಹಿಂದಿರುಗಿಸುತ್ತೇವೆ. ಇಲ್ಲಿ ತಿದ್ದಿದ್ದು ಮುಂದಿನ ಆವೃತ್ತಿಯಲ್ಲಿ ಮತ್ತೆ ಹಳೆಯ ರೂಪದಲ್ಲಿಯೇ ಬರುತ್ತದೆ.

ಉದ್ದದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆಬಿಎಲ್‌ನಲ್ಲಿ ಒಂದೇ ವೈರ್‌ಗೆ ಒಂದಕ್ಕಿಂತ ಹೆಚ್ಚು ಉದ್ದಗಳನ್ನು ಅವುಗಳ ಬಗೆಯೊಂದಿಗೆ ದಾಖಲಿಸಬಹುದು. ಮೂರು ಆಯಾಮದ ವಿನ್ಯಾಸದಿಂದ ಬಂದ ಉದ್ದ ಒಂದು, ಉತ್ಪಾದನೆಯ ಉದ್ದ ಮತ್ತೊಂದು. ಎರಡನೆಯದರಲ್ಲಿ ಕನೆಕ್ಟರ್‌ನ ಒಳಗೆ ಹೋಗುವ ಭಾಗ, ಬಾಗುವಿಕೆಯ ಭತ್ಯೆ ಇತ್ಯಾದಿ ಸೇರಿರಬೇಕು, ಆದರೆ ಅದನ್ನು ಯಾರು ಸೇರಿಸಬೇಕು ಎಂಬುದು ಒಪ್ಪಂದದಲ್ಲಿ ಬರೆದಿರದಿದ್ದರೆ ಎರಡೂ ಕಡೆಯವರು ಸೇರಿಸುತ್ತಾರೆ, ಇಲ್ಲವೇ ಯಾರೂ ಸೇರಿಸುವುದಿಲ್ಲ. ಪ್ರತಿ ಭತ್ಯೆಯನ್ನೂ ಯಾರು, ಯಾವ ಹಂತದಲ್ಲಿ ಸೇರಿಸುತ್ತಾರೆ ಎಂಬುದನ್ನು ಗ್ರಾಹಕರೊಂದಿಗೆ ಕುಳಿತು ಒಂದು ಪುಟದಲ್ಲಿ ಬರೆದುಕೊಂಡೆವು. ಯಾವ ಪ್ರೋಗ್ರಾಂಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಒಂದು ಪುಟ.

ಕ್ರಿಂಪ್ ದತ್ತಾಂಶಕ್ಕೆ ಮಾತ್ರ ನಾವೇ ಒಂದು ಕೋಷ್ಟಕ ಕಟ್ಟಬೇಕಾಯಿತು. ಕ್ರಿಂಪ್ ಎತ್ತರ, ಅಂದರೆ ಒತ್ತಿದ ಮೇಲೆ ಉಳಿಯುವ ಎತ್ತರ, ಟರ್ಮಿನಲ್‌ನ ಗುಣವೂ ಅಲ್ಲ, ವೈರ್‌ನ ಗುಣವೂ ಅಲ್ಲ. ಅದು ಇವೆರಡರ ಜೋಡಿಗೆ, ಜೊತೆಗೆ ಕ್ರಿಂಪ್ ಒತ್ತಲು ಯಂತ್ರದಲ್ಲಿ ಬಳಸುವ ಉಪಕರಣವಾದ ಅಪ್ಲಿಕೇಟರ್‌ಗೆ ಸೇರಿದ್ದು. ಉದಾಹರಣೆಗೆ 0.35 ಚದರ ಮಿಲಿಮೀಟರ್‌ನ ತೆಳು ಹೊದಿಕೆಯ ವೈರ್ ಎಂದರೆ ಸಾಕಾಗುವುದಿಲ್ಲ. ಅಂಥ ವೈರ್‌ನ ಎಫ್‌ಎಲ್‌ಆರ್‌ವೈ-ಎ ಎಂಬ ಬಗೆಯಲ್ಲಿ 7 ಎಳೆಗಳಿದ್ದರೆ ಎಫ್‌ಎಲ್‌ಆರ್‌ವೈ-ಬಿ ಬಗೆಯಲ್ಲಿ 12 ಎಳೆಗಳಿರುತ್ತವೆ, ಹಾಗಾಗಿ ಒಂದಕ್ಕೆ ಒಪ್ಪಿದ ಎತ್ತರವನ್ನು ಪರೀಕ್ಷಿಸದೆ ಇನ್ನೊಂದಕ್ಕೆ ಬಳಸುವಂತಿಲ್ಲ. ಟರ್ಮಿನಲ್ ಸಂಖ್ಯೆ, ವೈರ್‌ನ ಪೂರ್ಣ ಬಗೆ, ಸೀಲ್ ಸಂಖ್ಯೆ, ಅಪ್ಲಿಕೇಟರ್ ಈ ನಾಲ್ಕನ್ನೂ ಸೇರಿಸಿ ಒಂದು ಕೀಲಿ ಮಾಡಿ, ಅದರ ಮುಂದೆ ಸುಲಿಯುವ ಉದ್ದ, ವಾಹಕದ ಕ್ರಿಂಪ್ ಎತ್ತರ ಮತ್ತು ಅಗಲ, ಹೊದಿಕೆಯ ಕ್ರಿಂಪ್, ಎಳೆತದ ಕನಿಷ್ಠ ಬಲ ಇವನ್ನು ಬರೆದೆ. ಟರ್ಮಿನಲ್ ತಯಾರಕರ ಮೌಲ್ಯಗಳಿಂದ ಆರಂಭಿಸಿ, ಅಡ್ಡ ಸೀಳಿದ ಕ್ರಿಂಪ್‌ನ ಸೂಕ್ಷ್ಮಚಿತ್ರ ನೋಡಿ, ಎಳೆತದ ಪರೀಕ್ಷೆ ಮಾಡಿದ ನಂತರವಷ್ಟೇ ಒಂದು ಸಾಲಿಗೆ ಅನುಮೋದಿತ ಎಂಬ ಗುರುತು ಬೀಳುತ್ತದೆ. ಹೊಸ ಕಡತದಲ್ಲಿ ಅನುಮೋದನೆಯಿಲ್ಲದ ಜೋಡಿ ಕಂಡರೆ ಆದೇಶ ಹೊರಡುವುದೇ ಇಲ್ಲ. ಹತ್ತಿರದ ಮೌಲ್ಯವನ್ನು ಆಯ್ದುಕೊಳ್ಳುವ ಸೌಲಭ್ಯ ಬೇಕೆಂದು ಉತ್ಪಾದನೆಯವರು ಹಲವು ಬಾರಿ ಕೇಳಿದರು. ನಾನು ಅದಕ್ಕೆ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಒಂದಕ್ಕೊಂದು ತಿರುಚಿದ ಜೋಡಿ ವೈರ್‌ಗಳಲ್ಲಿಯೂ ಇಂಥ ಬಿಡಿಸಬೇಕಾದ ಗಂಟು ಇದೆ. ತಿರುಚಿದಾಗ ಉದ್ದ ಕುಗ್ಗುವುದರಿಂದ ಬಿಡಿ ವೈರ್‌ಗಳನ್ನು ಹೆಚ್ಚು ಉದ್ದಕ್ಕೆ ಕತ್ತರಿಸಬೇಕು, ಎಷ್ಟು ಹೆಚ್ಚು ಎಂಬುದು ತಿರುವಿನ ಅಂತರವನ್ನು ಅವಲಂಬಿಸುತ್ತದೆ. ಇದರೊಂದಿಗೆ ತುದಿಯಲ್ಲಿ ಎಷ್ಟು ಭಾಗ ತಿರುಚದೆ ಉಳಿಯಬೇಕು ಎಂಬುದೂ ಬೇಕು. ವಾಹನದ ನಿಯಂತ್ರಣ ಘಟಕಗಳ ನಡುವಿನ ಸಿಎಎನ್ ಸಂಪರ್ಕದಲ್ಲಿಯೇ ಇದು ಮುಖ್ಯ, ವಾಹನದ ಈಥರ್ನೆಟ್‌ನಲ್ಲಂತೂ ಇನ್ನೂ ಬಿಗಿ. ಡ್ರಾಯಿಂಗ್‌ನಲ್ಲಿ ಇದು ಮೂಲೆಯ ಟಿಪ್ಪಣಿಯಾಗಿತ್ತು. ನಾವು ಅದನ್ನು ಕಡ್ಡಾಯ ಮೌಲ್ಯವನ್ನಾಗಿ ಮಾಡಿದೆವು.

ವಿಡಿಎ 4968 ಆಗಿರುವ ವಿಇಸಿ ಮಾದರಿಗೆ ನಾವು ಹೋದದ್ದು ಇದೆಲ್ಲ ನೆಲೆನಿಂತ ಮೇಲೆ. ಕೆಬಿಎಲ್ ಒಂದು ಹಾರ್ನೆಸ್ ಅನ್ನು ವಿವರಿಸಿದರೆ ವಿಇಸಿ ಇಡೀ ವಾಹನದ ವಿದ್ಯುತ್ ಜಾಲವನ್ನು ಹಿಡಿದಿಡುತ್ತದೆ, ಬಿಡಿಭಾಗಗಳ ತಾಂತ್ರಿಕ ಗುಣಗಳಿಗೆ ಅದರಲ್ಲಿ ಹೆಚ್ಚು ನಿಖರವಾದ ಜಾಗಗಳಿವೆ. ಮೊದಲೇ ಅಲ್ಲಿಗೆ ಹೋಗಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಜಾಗ ಹೆಚ್ಚಿದ್ದರೆ ಖಾಲಿ ಬಿಡುವುದೂ ಹೆಚ್ಚು ಎಂಬುದು ನನ್ನ ಉತ್ತರ. ಯಾವ ಮೌಲ್ಯವನ್ನು ಯಾರು ತುಂಬುತ್ತಾರೆ ಎಂಬುದು ತೀರ್ಮಾನವಾಗದ ಹೊರತು ದೊಡ್ಡ ಮಾದರಿಯಿಂದ ಲಾಭವಿಲ್ಲ. ಯಂತ್ರದ ಕಡೆಗೆ ಆದೇಶ ಕಳುಹಿಸಲು ಮತ್ತು ಅಳತೆಗಳನ್ನು ಹಿಂದಕ್ಕೆ ಪಡೆಯಲು ಯಂತ್ರಗಳ ನಡುವಿನ ದತ್ತಾಂಶ ವಿನಿಮಯದ ಮಾನದಂಡವಾದ ಒಪಿಸಿ ಯುಎ ಬಳಸುತ್ತೇವೆ. ಹಳೆಯ ಯಂತ್ರಗಳಿಗೆ ಇನ್ನೂ ಪಠ್ಯ ಕಡತಗಳೇ ಹೋಗುತ್ತವೆ, ಅದರಿಂದ ದೊಡ್ಡ ತೊಂದರೆಯೇನೂ ಇಲ್ಲ.

ಸದ್ಯ ಕೈಯಲ್ಲಿರುವುದು ಟರ್ಮಿನಲ್‌ಗಳನ್ನು ಕನೆಕ್ಟರ್‌ಗೆ ಸೇರಿಸುವ ಯಂತ್ರದ ಕೆಲಸ. ಅದಕ್ಕೆ ಕ್ಯಾವಿಟಿಯ ಹೆಸರು ಸಾಲದು; ಕನೆಕ್ಟರ್‌ನ ಮೂಲಬಿಂದುವಿನಿಂದ ಕ್ಯಾವಿಟಿಯ ಸ್ಥಾನ, ಟರ್ಮಿನಲ್ ಯಾವ ಮುಖವಾಗಿ ಒಳಹೋಗಬೇಕೆಂಬ ಕೋನ, ಯಾವ ಸಾಲಿನ ನಂತರ ಯಾವ ಸಾಲು ಎಂಬ ಕ್ರಮ ಇವೂ ಬೇಕು. ಇವನ್ನು ಕನೆಕ್ಟರ್ ತಯಾರಕರಿಂದ ಒಂದೊಂದಾಗಿ ತರಿಸಿಕೊಳ್ಳುತ್ತಿದ್ದೇವೆ. ಈ ವಿವರ ಬಾರದ ಕನೆಕ್ಟರ್‌ಗಳ ವೈರ್‌ಗಳನ್ನು ಪ್ರೋಗ್ರಾಂ ಗುರುತಿಸಿ, ಕೈಯಿಂದ ಜೋಡಿಸುವ ಮೇಜಿನ ಪಟ್ಟಿಗೆ ಕಳುಹಿಸುತ್ತದೆ.