ಒಂದು ವಾಕ್ಯದ ಬೆನ್ನು ಹತ್ತಿ ಸಂವಿಧಾನ ರಚನೆಯನ್ನು ಕಲಿಸಿದ್ದು: ನನ್ನ ಅನುಭವ

ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಬೋಧಿಸುತ್ತೇನೆ. ನಮ್ಮ ಸಂವಿಧಾನ ರಚನೆಯ ಪಾಠವನ್ನು ಹಲವು ವರ್ಷ ಟಿಪ್ಪಣಿ ಬರೆಸಿಯೇ ಮುಗಿಸುತ್ತಿದ್ದೆ: 1946ರ ಡಿಸೆಂಬರ್ 9ರಂದು ಮೊದಲ ಸಭೆ, 1947ರ ಆಗಸ್ಟ್ 29ರಂದು ಕರಡು ಸಮಿತಿ, 1949ರ ನವೆಂಬರ್ 26ರಂದು ಅಂಗೀಕಾರ. ಹಿಡಿದ ಕಾಲ 2 ವರ್ಷ 11 ತಿಂಗಳ ಮೇಲೆ 17 ದಿನವೋ 18 ದಿನವೋ ಎಂಬ ವಾದ ಮಾತ್ರ ಪ್ರತಿ ವರ್ಷ ತಪ್ಪದೆ ನಡೆಯುತ್ತಿತ್ತು (ಮೊದಲ ದಿನವನ್ನು ಸೇರಿಸಿಕೊಂಡರೆ 18, ಬಿಟ್ಟರೆ 17). ಆದರೆ ಯಾವುದಾದರೂ ಒಂದು ವಿಧಿಯನ್ನು ಮೊದಲು ಬರೆದವರು ಯಾರು, ಅದನ್ನು ಯಾರು ತಿದ್ದಿದರು, ಏಕೆ ತಿದ್ದಿದರು ಎಂದು ಕೇಳಿದರೆ ವಿದ್ಯಾರ್ಥಿಗಳ ಬಳಿ ಉತ್ತರವಿರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇರಲಿಲ್ಲ.

ಒಂದು ವರ್ಷ ಈ ಪಾಠಕ್ಕೆ ಆರು ತರಗತಿಗಳನ್ನು ಮೀಸಲಿಟ್ಟು, ಇಡೀ ಸಂವಿಧಾನದ ಬದಲು ಒಂದೇ ವಾಕ್ಯವನ್ನು ಹಿಂಬಾಲಿಸಲು ನಿರ್ಧರಿಸಿದೆ. ಆರಿಸಿಕೊಂಡದ್ದು ಇಂದಿನ 21ನೇ ವಿಧಿಯನ್ನು, ಅಂದರೆ ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನದಂತೆ ಹೊರತು ಯಾರ ಪ್ರಾಣವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳಬಾರದು ಎಂಬ ವಾಕ್ಯವನ್ನು. ಸಂವಿಧಾನ ರಚನಾ ಸಭೆಯ ಚರ್ಚೆಗಳ ಹನ್ನೆರಡು ಸಂಪುಟಗಳಲ್ಲಿ ನಮಗೆ ಬೇಕಾದದ್ದು ಮೂರೇ: 3ನೆಯದು, 7ನೆಯದು ಮತ್ತು 9ನೆಯದು. ಜೊತೆಗೆ 1948ರ ಕರಡಿನ ಒಂದು ಪುಟದ ಪ್ರತಿ. ಮೂಲ ಇಂಗ್ಲಿಷಿನಲ್ಲಿರುವುದರಿಂದ ವಿದ್ಯಾರ್ಥಿಗಳು ಗುಂಪಾಗಿ ಕುಳಿತು ಕನ್ನಡಕ್ಕೆ ತಂದುಕೊಳ್ಳಬೇಕಿತ್ತು.

ಮೂರನೆಯ ಸಂಪುಟದಲ್ಲಿ, 1947ರ ಏಪ್ರಿಲ್ ಕೊನೆಯಲ್ಲಿ, ವಲ್ಲಭಭಾಯಿ ಪಟೇಲರು ಮೂಲಭೂತ ಹಕ್ಕುಗಳ ಮಧ್ಯಂತರ ವರದಿಯನ್ನು ಸಭೆಯ ಮುಂದಿಡುತ್ತಾರೆ. ಅಲ್ಲಿ ನಮ್ಮ ವಾಕ್ಯ ಬೇರೆಯೇ ಆಗಿದೆ: ‘ಡ್ಯೂ ಪ್ರೊಸೆಸ್ ಆಫ್ ಲಾ’ ಇಲ್ಲದೆ ಪ್ರಾಣ, ಸ್ವಾತಂತ್ರ್ಯಗಳನ್ನು ಕಸಿಯಬಾರದು. ಈ ಮಾತನ್ನು ‘ಕಾನೂನಿನ ಯುಕ್ತ ವಿಧಾನ’ ಎಂದು ಬರೆದುಕೊಂಡೆವು. ಆದರೂ ಎರಡು ಮಾತುಗಳಿಗೆ ಏನು ವ್ಯತ್ಯಾಸವೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹಾಸ್ಟೆಲಿನ ಉದಾಹರಣೆ ಕೈಹಿಡಿಯಿತು. ರಾತ್ರಿ ಎಂಟರ ನಂತರ ಬಂದವರನ್ನು ಹೊರಹಾಕಬೇಕೆಂಬ ನಿಯಮವಿದೆ, ವಾರ್ಡನ್ ಅದನ್ನು ಅಕ್ಷರಶಃ ಪಾಲಿಸಿದ್ದಾರೆ ಎಂದುಕೊಳ್ಳೋಣ. ನಿಯಮದಂತೆ ನಡೆದಿದೆಯೇ ಎಂದಷ್ಟೇ ನೋಡುವುದು ಒಂದು ಬಗೆ, ಅದು ಇಂದಿನ ವಾಕ್ಯದ್ದು. ಇಂಥ ನಿಯಮ ನ್ಯಾಯವೇ ಎಂದೂ ಕೇಳುವುದು ಇನ್ನೊಂದು ಬಗೆ, ಅದು ‘ಡ್ಯೂ ಪ್ರೊಸೆಸ್’ನದು. ಎರಡನೆಯ ಪ್ರಶ್ನೆಯನ್ನು ಕೇಳುವ ಅಧಿಕಾರ ನ್ಯಾಯಾಲಯಕ್ಕೆ ಇರಬೇಕೇ ಎಂಬುದೇ ಇಡೀ ಜಗಳ.

ಪದ ಬದಲಾದದ್ದು ಮುಂದಿನ ಹತ್ತು ತಿಂಗಳಲ್ಲಿ. ಸಂವಿಧಾನ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು (ನಮ್ಮ ಕರಾವಳಿಯ ಮನೆತನದವರು, ಸಭೆಯ ಸದಸ್ಯರೇ ಅಲ್ಲ) 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಲು ‘ಡ್ಯೂ ಪ್ರೊಸೆಸ್’ ಎಂಬ ಮಾತು ದಾರಿಮಾಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆ. 1948ರ ಫೆಬ್ರುವರಿಯ ಕರಡಿನಲ್ಲಿ, ಅಲ್ಲಿ 15ನೇ ವಿಧಿಯಾಗಿದ್ದ ಈ ವಾಕ್ಯದಿಂದ ‘ಡ್ಯೂ ಪ್ರೊಸೆಸ್’ ಮಾಯವಾಗಿತ್ತು. ಹೊಸ ಪದಗಳು ಹೆಚ್ಚು ಖಚಿತವಾಗಿವೆ, ಜಪಾನಿನ 1946ರ ಸಂವಿಧಾನದ 31ನೇ ವಿಧಿಯನ್ನು ನೋಡಿ ಎಂದು ಅಡಿಟಿಪ್ಪಣಿ ಹೇಳುತ್ತದೆ. ಈ ಅಡಿಟಿಪ್ಪಣಿಯನ್ನು ಮೊದಲು ಗಮನಿಸಿದ್ದು ಒಬ್ಬ ವಿದ್ಯಾರ್ಥಿನಿ, ನಾನಲ್ಲ. ಜಪಾನಿನ ಆ ಸಂವಿಧಾನದ ಕರಡನ್ನು ಬರೆದವರೂ ಅಮೆರಿಕದ ಅಧಿಕಾರಿಗಳೇ ಎಂದಾಗ ತರಗತಿ ನಕ್ಕಿತು.

ಇಲ್ಲಿ ನನ್ನದೊಂದು ತಪ್ಪು ಹೊರಬಿತ್ತು. ಭೂಸುಧಾರಣೆಯ ಕಾನೂನುಗಳನ್ನು ಉಳಿಸಿಕೊಳ್ಳಲೆಂದೇ ‘ಡ್ಯೂ ಪ್ರೊಸೆಸ್’ ಬಿಟ್ಟರು ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. 1974ರ ಭೂಸುಧಾರಣೆಯ ನಂತರ ನಮೂನೆ 7 (ಗೇಣಿದಾರರ ಅರ್ಜಿ) ಸಲ್ಲಿಸಿ ಗೇಣಿ ಜಮೀನು ಪಡೆದ ಕುಟುಂಬದ ಹುಡುಗನಂತೂ ಅದನ್ನು ಹುಮ್ಮಸ್ಸಿನಿಂದ ಸಮರ್ಥಿಸಿದ. ಆಗ ಇನ್ನೊಬ್ಬ ಮೂರನೆಯ ಸಂಪುಟವನ್ನು ತೆರೆದು, “ಸರ್, ಈ ವಾಕ್ಯದಲ್ಲಿ ಆಸ್ತಿ ಎಂಬ ಪದವೇ ಇಲ್ಲವಲ್ಲ” ಎಂದ. ಹೌದು, ಆಸ್ತಿಯ ಪ್ರಶ್ನೆಯನ್ನು ಆ ವೇಳೆಗಾಗಲೇ ವರದಿಯ ಬೇರೆ ವಿಧಿಗೆ ಸಾಗಿಸಲಾಗಿತ್ತು. ಜಮೀನಿನ ಭಯ ಅದಕ್ಕೂ ಹಿಂದಿನ ಹಂತದ್ದು. 1948ರಲ್ಲಿ ಉಳಿದಿದ್ದುದು ಮುಖ್ಯವಾಗಿ ವಿಚಾರಣೆಯಿಲ್ಲದೆ ಬಂಧಿಸುವ ಕಾನೂನುಗಳ ಪ್ರಶ್ನೆ. ಹಳೆಯ ಟಿಪ್ಪಣಿಯ ಆ ಸಾಲನ್ನು ಅಂದೇ ಹೊಡೆದುಹಾಕಿದೆ.

ಏಳನೆಯ ಸಂಪುಟಕ್ಕೆ ಎರಡು ತರಗತಿ ಹಿಡಿದವು. 1948ರ ಡಿಸೆಂಬರ್ 6ರಂದು ಕಾಜಿ ಸೈಯದ್ ಕರೀಮುದ್ದೀನ್ ಮೊದಲಾದವರು ಹಳೆಯ ಪದಗಳೇ ಬೇಕೆಂದು ವಾದಿಸುತ್ತಾರೆ. ಕರಡು ಸಮಿತಿಯವರೇ ಆದ ಕೆ. ಎಂ. ಮುನ್ಷಿ ಈ ವಾದದ ಪರ ನಿಂತರೆ, ಅದೇ ಸಮಿತಿಯ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ವಿರೋಧಿಸುತ್ತಾರೆ. ಸಮಿತಿ ಎಂದರೆ ಒಂದೇ ದನಿ ಎಂದುಕೊಂಡಿದ್ದವರಿಗೆ ಇದು ಅಚ್ಚರಿ. 13ರಂದು ಅಂಬೇಡ್ಕರ್ ಎರಡೂ ಕಡೆಯ ಅಪಾಯಗಳನ್ನು ವಿವರಿಸಿ, ಗ್ರೀಕ್ ಪುರಾಣದ ಸಿಲ್ಲಾ ಮತ್ತು ಕಾರಿಬ್ಡಿಸ್‌ಗಳ ನಡುವೆ ಹಡಗು ನಡೆಸಿದಂತಾಗಿದೆ ಎಂದು, ತೀರ್ಮಾನವನ್ನು ಸಭೆಗೇ ಬಿಡುತ್ತಾರೆ. ಈ ಮಾತನ್ನು ಕನ್ನಡಕ್ಕೆ ತರಲು ಒದ್ದಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ಬಂದದ್ದು: “ಅತ್ತ ದರಿ, ಇತ್ತ ಪುಲಿ.” ಸಭೆ ಕರಡಿನ ಪದಗಳನ್ನೇ ಒಪ್ಪಿತು. ನಮ್ಮ ತರಗತಿಯಲ್ಲಿ ಕೈ ಎತ್ತಿಸಿದಾಗ ಹಳೆಯ ಪದಗಳನ್ನು ಬಯಸಿದ ತಿದ್ದುಪಡಿಯೇ ಭಾರಿ ಬಹುಮತದಿಂದ ಗೆದ್ದಿತು. ದೇಶ ವಿಭಜನೆಯ ಗಲಭೆಗಳನ್ನು ಕಂಡ ಸದಸ್ಯರಿಗೂ ಇವರಿಗೂ ಇರುವ ಅಂತರವನ್ನು ಅಲ್ಲಿ ಹೇಳಬೇಕಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲವೆಂಬುದೇ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ. 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ 15ಎ ಎಂಬ ಹೊಸ ವಿಧಿಯನ್ನು ತರುತ್ತಾರೆ: ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರನ್ನು ಭೇಟಿಯಾಗಲು ಬಿಡಬೇಕು. ಹಿಂದೆ ಕಳೆದುಕೊಂಡದ್ದಕ್ಕೆ ಇದು ಪರಿಹಾರವೆಂದು ಅವರೇ ಸಭೆಗೆ ತಿಳಿಸುತ್ತಾರೆ. ಅದೇ ವಿಧಿಯಲ್ಲಿ ಮುಂಜಾಗ್ರತಾ ಬಂಧನಕ್ಕೂ (ವಿಚಾರಣೆಯಿಲ್ಲದೆ ಮೊದಲೇ ಬಂಧಿಸಿಡುವುದಕ್ಕೂ) ಅವಕಾಶವಿದ್ದುದರಿಂದ ಬಕ್ಷಿ ಟೇಕ್ ಚಂದ್ ಕಟುವಾಗಿ ಟೀಕಿಸುತ್ತಾರೆ. ಅದೇ ಇಂದಿನ 22ನೇ ವಿಧಿ. ನಿಯಮದಂತೆ ನಡೆದಿದ್ದರೆ ಸಾಕೆಂದ 1950ರ ಗೋಪಾಲನ್ ಪ್ರಕರಣದಿಂದ, ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದ 1978ರ ಮೇನಕಾ ಗಾಂಧಿ ಪ್ರಕರಣದವರೆಗಿನದನ್ನು ಕೊನೆಯ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಅದು ನ್ಯಾಯಾಲಯದ ಪಾಠ, ಕರಡಿನದಲ್ಲ.

ಈ ವರ್ಷ ಗ್ರಾಮ ಪಂಚಾಯತಿಗಳ ಕುರಿತ 40ನೇ ವಿಧಿಯನ್ನು ಎತ್ತಿಕೊಂಡಿದ್ದೇನೆ. 1948ರ ಫೆಬ್ರುವರಿಯ ಕರಡಿನಲ್ಲಿ ಅದು ಇರಲೇ ಇಲ್ಲ. ಆ ನವೆಂಬರಿನಲ್ಲಿ ಕೆ. ಸಂತಾನಂ ತಂದ ತಿದ್ದುಪಡಿಯಿಂದ ಸೇರಿತು. ಹೀಗಾಗಿ ಮೊದಲ ತರಗತಿಯಲ್ಲಿ ಹಂಚಲು ನನ್ನ ಕೈಯಲ್ಲಿ ಕರಡಿನ ಪುಟವಿಲ್ಲ.