ಗುಲಗಂಜಿ ಹುಳುವನ್ನು ತೋಟದಲ್ಲಿ ಉಳಿಸಿಕೊಂಡಿದ್ದು ಹೀಗೆ

ಗುಲಗಂಜಿ ಹುಳು ಅಂದ ತಕ್ಷಣ ಕೆಂಪು ಮೈ, ಕಪ್ಪು ಚುಕ್ಕೆ ಕಣ್ಣಿಗೆ ಬರುತ್ತದೆ. ಆದರೆ ತರಕಾರಿ ಬೆಳೆಯುವವರು ಮೊದಲು ಗುರುತು ಹಿಡಿಯಬೇಕಾದ್ದು ಅದರ ಮರಿಹುಳುವನ್ನು. ಉದ್ದನೆಯ ಕಪ್ಪು ಮೈ, ಅಲ್ಲಲ್ಲಿ ಕಿತ್ತಳೆ ಅಥವಾ ಬಿಳಿ ಗುರುತು, ಆರು ಕಾಲು. ಒಂದು ಕಡೆ ಕೂರುವುದಿಲ್ಲ, ಎಲೆ ತುಂಬಾ ಓಡಾಡುತ್ತಿರುತ್ತದೆ. ನಮ್ಮ ಕಡೆ ಇದಕ್ಕೆ ಬೇರೆ ಹೆಸರೇ ಇಲ್ಲ, ಬರೀ 'ಹುಳ'. ಹುಳ ಬಿತ್ತು ಅಂತ ಔಷಧಿ ಹೊಡೆದುಬಿಡುತ್ತಾರೆ. ಗಿಡದ ರಸ ಹೀರುವ ಸಣ್ಣ ಕೀಟ, ಅಂದರೆ ಸಸ್ಯ ಹೇನನ್ನು ತಿನ್ನೋದಕ್ಕೇ ಬಂದ ಹುಳ ಅದು. ನೋಡಿದರೆ ನಿಜವಾಗಲೂ ಸಂಕಟ ಆಗುತ್ತದೆ.

ನಾನು ಅಲಸಂದೆ ಬೆಳೆಯುತ್ತೇನೆ. ಕುಡಿಯಲ್ಲಿ, ಎಳೆ ಕಾಯಿಯಲ್ಲಿ ಕಪ್ಪು ಹೇನು ಮುತ್ತಿಕೊಂಡರೆ ಮೊದಲು ಎಲೆ ಮಗುಚಿ ನೋಡುತ್ತೇನೆ. ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿದ್ದರೆ, ಮರಿಹುಳು ಓಡಾಡುತ್ತಿದ್ದರೆ ಔಷಧಿ ಮುಟ್ಟೋದಿಲ್ಲ, ಬೇವಿನೆಣ್ಣೆಯನ್ನೂ ಮುಟ್ಟೋದಿಲ್ಲ. ಹೇನು ತೀರಾ ಜಾಸ್ತಿಯಾದ ಕುಡಿಗಳನ್ನಷ್ಟೇ ಚಿವುಟಿ ತೆಗೆಯುತ್ತೇನೆ.

ಹುಳು ಕಮ್ಮಿ ಇದ್ದರೆ ಜೋಳದಿಂದ ತರುತ್ತೇನೆ. ಬದುವಿನ ಸುತ್ತ ಎರಡು ಸಾಲು ಜೋಳವನ್ನು ಅಲಸಂದೆಗಿಂತ ಮೊದಲೇ ಬಿತ್ತಿರುತ್ತೇನೆ. ಜೋಳದ ಸುಳಿಗೆ ಬರುವ ಹೇನಿನ ಜಾತಿಯೇ ಬೇರೆ, ಅದು ಅಲಸಂದೆಗೆ ದಾಟುವುದಿಲ್ಲ, ಆದರೆ ಅದನ್ನು ತಿನ್ನೋಕೆ ಬಂದ ಗುಲಗಂಜಿ ಹುಳು ಅಲ್ಲೇ ಮರಿ ಮಾಡುತ್ತದೆ. ಸಂಜೆ ಹೊತ್ತು ಮರಿಹುಳು ಇರುವ ಎಲೆ ಕತ್ತರಿಸಿ ತಂದು ಅಲಸಂದೆ ಬಳ್ಳಿಗೆ ಸಿಕ್ಕಿಸುತ್ತೇನೆ. ಬಿಸಿಲಲ್ಲಿ ಮಾಡಿದರೆ ಎಲೆ ಬೇಗ ಒಣಗುತ್ತದೆ. ಒಂದಿಷ್ಟು ಕೊತ್ತಂಬರಿಯನ್ನು ಕೀಳದೆ ಹೂವಿಗೆ ಬಿಡಿ, ಹೇನು ಸಿಗದ ದಿನ ದೊಡ್ಡ ಹುಳುಗಳು ಅದರ ಪರಾಗ ತಿಂದುಕೊಂಡು ಇರುತ್ತವೆ. ಇರುವೆಯನ್ನೂ ತಡೆಯಬೇಕು. ಹೇನು ಬಿಡುವ ಸಿಹಿ ಅಂಟಿನ ಆಸೆಗೆ ಅವು ಕಾವಲು ನಿಂತು ಗುಲಗಂಜಿ ಹುಳುವನ್ನು ಓಡಿಸುತ್ತವೆ. ಚಪ್ಪರದ ಕಂಬಕ್ಕೆ ಬಟ್ಟೆ ಸುತ್ತಿ ಗ್ರೀಸ್ ಹಚ್ಚಿದರೆ ಸಾಕು.

ಇನ್ನು ಬದನೆ. ಅಲ್ಲಿ ಕೂತಿರೋ ಚುಕ್ಕೆ ಹುಳುವನ್ನೂ ಜನ ಗುಲಗಂಜಿ ಹುಳು ಅಂತಲೇ ಕರೆಯುತ್ತಾರೆ. ಅದೇ ಮನೆತನದ್ದೇ, ಆದರೆ ಅದು ಎಲೆ ತಿನ್ನೋ ಹುಳು. ಅದರ ಮೈ ಹೊಳೆಯೋದಿಲ್ಲ, ಸಣ್ಣ ಕೂದಲಿನಿಂದ ಮಂಕಾಗಿ ಕಾಣುತ್ತದೆ, ಒಂದು ಜಾತಿಗೆ 12 ಚುಕ್ಕೆ, ಇನ್ನೊಂದಕ್ಕೆ 28. ಮರಿ ಹಳದಿ, ಮೈ ತುಂಬಾ ಮುಳ್ಳು. ಎಲೆಯ ಹಸಿರನ್ನು ಕೆರೆದು ತಿಂದು ಜರಡಿ ಮಾಡಿಬಿಡುತ್ತದೆ. ಹೇನಿಲ್ಲದ ಬದನೆ ಎಲೆ ಹೀಗೆ ಜರಡಿಯಾಗಿದ್ದರೆ ಅನುಮಾನವೇ ಬೇಡ. ಮೊಟ್ಟೆ ಇಟ್ಟ ಎಲೆ ಕಿತ್ತು, ಹುಳುಗಳನ್ನು ಕೈಯಲ್ಲೇ ಆರಿಸಿ ಸೋಪಿನ ನೀರಿಗೆ ಹಾಕುತ್ತೇನೆ.

ಸೀಬೆ ಗಿಡಕ್ಕೆ ಬಿಳಿ ಹಿಟ್ಟಿನಂತೆ ಅಂಟಿಕೊಂಡು ರಸ ಹೀರುವ ಹಿಟ್ಟು ತಿಗಣೆಯನ್ನು ತಿನ್ನಲು ಮಾತ್ರ ಗುಲಗಂಜಿ ಹುಳುವಿನ ಇನ್ನೊಂದು ಜಾತಿಯನ್ನು ದುಡ್ಡು ಕೊಟ್ಟು ತಂದೆ. ಕ್ರಿಪ್ಟೋಲೇಮಸ್ ಅಂತ, ಆಸ್ಟ್ರೇಲಿಯಾ ಮೂಲದ್ದು, 1898ರಲ್ಲೇ ಭಾರತಕ್ಕೆ ತಂದಿದ್ದರು. ಚುಕ್ಕೆಯಿಲ್ಲ, ಕಪ್ಪು ಮೈ, ಕಿತ್ತಳೆ ತಲೆ. ಇದರ ಮರಿಗೂ ಬಿಳಿ ಮೇಣದ ಎಳೆಗಳಿರುವುದರಿಂದ ಹಿಟ್ಟು ತಿಗಣೆ ಅಂತಲೇ ಅನಿಸುತ್ತದೆ, ಆದರೆ ದಪ್ಪ, ಎಳೆ ಉದ್ದ, ಮುಟ್ಟಿದರೆ ಚುರುಕಾಗಿ ಓಡುತ್ತದೆ. ತೋಟದಲ್ಲಿ ಕೆಲಸ ಮಾಡುವವರಿಗೆಲ್ಲ ಇದನ್ನು ಕೈಯಲ್ಲಿಟ್ಟು ತೋರಿಸಿ, ಇಲ್ಲಾಂದ್ರೆ ಒರೆಸಿ ಹಾಕಿಬಿಡುತ್ತಾರೆ. ತಂದ ದಿನವೇ ಸಂಜೆ ಗಿಡಕ್ಕೆ ಬಿಡಬೇಕು, ಡಬ್ಬದಲ್ಲೇ ಹಸಿದರೆ ಮರಿಗಳು ಒಂದನ್ನೊಂದು ತಿಂದುಕೊಳ್ಳುತ್ತವೆ.